ಚಂಡೆ, ಸ್ಯಾಕ್ಸ್ ಇರುವ ಫ್ಯೂಷನ್ ಬ್ಯಾಂಡ್: ಶಿರಸಿಯ ಹಾಲ್‌ನಲ್ಲಿ ಲೈವ್ ಆಲ್ಬಂ ರೆಕಾರ್ಡಿಂಗ್ ಹೇಗೆ?

ಶಿರಸಿ_ಸ್ವಿಂಗ್:
ಡಿಸೆಂಬರ್‌ನಲ್ಲಿ ಶಿರಸಿ ಪೇಟೆಯ ಸಭಾಭವನದಲ್ಲಿ ಕಾರ್ಯಕ್ರಮ, ಅದನ್ನೇ ಆಲ್ಬಂ ಮಾಡುವ ಅಂದಾಜು. ಡ್ರಮ್ಸ್, ಬೇಸ್, ಕೀಬೋರ್ಡ್, ಆಲ್ಟೊ ಸ್ಯಾಕ್ಸ್, ಜತೆಗೆ ಚಂಡೆ-ಮದ್ದಳೆ. ಮೈಕ್‌ಸೆಟ್‌ನವರ ಹತ್ತಿರ 32 ಚಾನೆಲ್ ಡಿಜಿಟಲ್ ಮಿಕ್ಸರ್ ಇದೆ, ಯುಎಸ್‌ಬಿ ಮೂಲಕ ಚಾನೆಲ್‌ಗಳೆಲ್ಲ ಬೇರೆ ಬೇರೆಯಾಗಿ ಲ್ಯಾಪ್‌ಟಾಪ್‌ಗೆ ಬರುತ್ತವೆ. ಆದರೆ ಟ್ರಯಲ್‌ನಲ್ಲಿ ಸ್ಯಾಕ್ಸ್ ಮೈಕಿನಲ್ಲಿ ಸ್ಯಾಕ್ಸಿಗಿಂತ ಚಂಡೆಯೇ ಜೋರು. ಅಮೆರಿಕದ ಫ್ಯೂಷನ್ ಬ್ಯಾಂಡ್ ಸ್ನಾರ್ಕಿ ಪಪ್ಪಿಯ ‘ವಿ ಲೈಕ್ ಇಟ್ ಹಿಯರ್’ ಆಲ್ಬಂನಲ್ಲಿ ಜನ ಪಕ್ಕದಲ್ಲೇ ಕೂತಿದ್ದರೂ ಒಂದೊಂದು ವಾದ್ಯವೂ ಬಿಡಿಬಿಡಿಯಾಗಿ ಕೇಳುತ್ತದಲ್ಲ, ಅದು ಹೇಗೆ?

ಕಾಳಿತೀರ:
ಅಲ್ಲಿ ಸ್ಪೀಕರೇ ಇರಲಿಲ್ಲ ಮಾರಾಯ್ರೆ. 2013ರಲ್ಲಿ ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನ ಸ್ಟುಡಿಯೊದಲ್ಲಿ ರೆಕಾರ್ಡ್ ಆದದ್ದು. ಕೇಳುಗರು ವಾದಕರ ಸುತ್ತ ಕೂತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿದರು. ತುಂಬಿದ ಹಾಲ್‌ನಲ್ಲಿ ಆ ಶಬ್ದ ಬೇಕೆಂದರೆ ಆಗದು. ನನ್ನ ಸಲಹೆ: ಅದೇ ದಿನ ಮಧ್ಯಾಹ್ನ ಮೂವತ್ತು-ನಲವತ್ತು ಜನರನ್ನು ಕರೆದು ಮುಖ್ಯ ಸ್ಪೀಕರ್ ಬಂದ್ ಇಟ್ಟು ಒಮ್ಮೆ ಪೂರ್ತಿ ನುಡಿಸಿ. ವಾದಕರಿಗೆ ತಮ್ಮದನ್ನು ಕೇಳಿಕೊಳ್ಳಲು ವೇದಿಕೆಯ ಮಾನಿಟರ್ ಸ್ಪೀಕರ್ ಬದಲು ಇಯರ್‌ಫೋನ್. ರಾತ್ರಿಯದ್ದನ್ನೂ ರೆಕಾರ್ಡ್ ಮಾಡಿ, ಆಲ್ಬಂಗೆ ಮಧ್ಯಾಹ್ನದ್ದೇ ಹೆಚ್ಚು ಬರುತ್ತದೆ ನೋಡಿ.

ಚಂಡೆಗೆ ಸ್ಪೀಕರ್ ಬೇಡವೇ ಬೇಡ, ಮೈಕ್ ರೆಕಾರ್ಡಿಂಗಿಗೆ ಮಾತ್ರ. ಜೋರು ಶಬ್ದ ತಾಳುವ ಡೈನಮಿಕ್ ಮೈಕ್, ಮುಚ್ಚಿಗೆಯಿಂದ (ಬಡಿಯುವ ಚರ್ಮದಿಂದ) 30-40 ಸೆಂ.ಮೀ. ದೂರ. ಇನ್ನೂ ಹತ್ತಿರ ಹಿಡಿದರೆ ಕೋಲಿನ ಟಕಟಕ ಮಾತ್ರ ಬರುತ್ತದೆ, ನಾದ ಬರುವುದಿಲ್ಲ. ಸ್ಯಾಕ್ಸಿನ ಅಗಲ ಬಾಯಿಯ (ಬೆಲ್) ಅಂಚಿಗೇ ಕಚ್ಚುವ ಕ್ಲಿಪ್ ಮೈಕ್ ಹಾಕಿ, ಮೈಕಿನ ಬೆನ್ನು ಚಂಡೆ ಕಡೆಗಿರಲಿ. ಎರಡು ಮೈಕುಗಳ ನಡುವಿನ ಅಂತರ, ಮೈಕಿನಿಂದ ಅದರದೇ ವಾದ್ಯಕ್ಕಿರುವ ದೂರದ ಮೂರು ಪಟ್ಟಾದರೂ ಬೇಕು. ಚಂಡೆಗೆ ಇನ್ನೂ ಹೆಚ್ಚು ಬಿಡಿ.

ಕಪ್ಪು_ಎರಡು:
ಶ್ರುತಿಯ ಬಗ್ಗೆ ಯಾರೂ ಹೇಳಲಿಲ್ಲ. ಕೀಬೋರ್ಡ್ 440ಕ್ಕೆ (ಎ ಸ್ವರ 440 ಹರ್ಟ್ಸ್) ನಿಂತಿರಲಿ, ಉಳಿದವರೆಲ್ಲ ಅದಕ್ಕೇ ಸೇರಬೇಕು. ಶ್ರುತಿ ಕಪ್ಪು ಎರಡಾದರೆ (ಇ ಫ್ಲ್ಯಾಟ್) ಆಲ್ಟೊ ಸ್ಯಾಕ್ಸಿನವರ ಬರಹದಲ್ಲಿ ಅದು ಸಿ ಮೇಜರ್, ಆರಾಮ. ಬಿಳಿ ಮೂರು (ಇ) ಹಿಡಿದರೆ ಅವರಿಗೆ ಏಳು ಶಾರ್ಪ್, ಬೈಯುತ್ತಾರೆ. ಡಿಸೆಂಬರ್ ರಾತ್ರಿ ಇಬ್ಬನಿಗೆ ಚರ್ಮ ಸಡಿಲಾಗಿ ಚಂಡೆ-ಮದ್ದಳೆ ಇಳಿಯುತ್ತವೆ, ಲೈಟಿನ ಬಿಸಿ ತಾಗಿದರೆ ಏರುತ್ತವೆ. ಸ್ಯಾಕ್ಸ್ ಕೂಡ ತಣ್ಣಗಿದ್ದಾಗ ಇಳಿದೇ ಇರುತ್ತದೆ. ವಾದ್ಯಗಳನ್ನು ಒಂದು ತಾಸು ಮುಂಚೆಯೇ ವೇದಿಕೆ ಮೇಲಿಟ್ಟು, ಲೈಟ್ ಹಾಕಿ, ಆಮೇಲೆ ಬಿಗಿಯಿರಿ. ನಡುವೆ ಬಿಗಿಯಲು ಪುರುಸೊತ್ತು ಸಿಗುವ ಹಾಗೆ ಕೀಬೋರ್ಡ್ ಒಂಟಿಯಾಗಿ ನುಡಿಸುವ ತುಣುಕೊಂದು ಇರಲಿ.

ಹೆಗಡೆಕಟ್ಟೆ_ಕೇಬಲ್:
ಕರೆಂಟು! ಮಿಕ್ಸರ್, ಲ್ಯಾಪ್‌ಟಾಪ್ ಎರಡಕ್ಕೂ ಯುಪಿಎಸ್ ಕೊಡಿ. ಜನರೇಟರ್‌ಗೆ ಬದಲಾಗುವ ಆ ಒಂದು ಕ್ಷಣದಲ್ಲಿ ಮಿಕ್ಸರ್ ಆಫ್ ಆಗಿ ಮತ್ತೆ ಶುರುವಾದರೆ ಹಾಡು ಹೋಯಿತು. ಸೌಂಡಿಗೆಲ್ಲ ಒಂದೇ ಫೇಸ್, ಲೈಟಿಗೆ ಬೇರೆ ಫೇಸ್. ಬೇಸ್, ಕೀಬೋರ್ಡ್‌ನಲ್ಲಿ ಗುಂಯ್ ಎಂದರೆ ಡಿಐ ಬಾಕ್ಸ್‌ನ (ವಾದ್ಯವನ್ನು ನೇರ ಮಿಕ್ಸರ್‌ಗೆ ಜೋಡಿಸುವ ಪೆಟ್ಟಿಗೆ) ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ. ಪ್ಲಗ್ಗಿನ ಅರ್ಥ್ ಪಿನ್ ಮುರಿಯುವ ಕೆಟ್ಟ ಚಾಳಿ ಕೆಲವರಿಗಿದೆ, ಜೀವಕ್ಕೇ ಅಪಾಯ.

ರೆಕಾರ್ಡಿಂಗಿಗೆ ಸಿಗ್ನಲ್ಲನ್ನು ಮಿಕ್ಸರ್‌ನ ಫೇಡರ್ (ಜೋರು ಏರಿಸಿ ಇಳಿಸುವ ಗುಂಡಿ), ಇಕ್ಯೂ (ನಾದ ತಿದ್ದುವ ಭಾಗ) ಎರಡಕ್ಕೂ ಮೊದಲೇ ತೆಗೆದುಕೊಳ್ಳಿ. ಇಲ್ಲವಾದರೆ ಹಾಲ್‌ಗಾಗಿ ಮಾಡಿದ ಏರಿಳಿತವೆಲ್ಲ ಆಲ್ಬಂನಲ್ಲಿ ಕೂತುಬಿಡುತ್ತದೆ. ಸೌಂಡ್ ಚೆಕ್‌ನಲ್ಲಿ ಅತಿ ಜೋರಿನ ಪೆಟ್ಟು ಮೈನಸ್ 12 ಡೆಸಿಬಲ್ ದಾಟದಿರಲಿ. ಜನ ಚಪ್ಪಾಳೆ ತಟ್ಟಿದ ಮೇಲೆ ಚಂಡೆಯವರ ಕೈ ಸುಮ್ಮನಿರುವುದಿಲ್ಲ. 24 ಬಿಟ್, 48 ಕಿಲೊಹರ್ಟ್ಸ್‌ನಲ್ಲಿ 24 ಚಾನೆಲ್‌ಗೆ ತಾಸಿಗೆ ಸುಮಾರು 12.5 ಜಿಬಿ. ಚಾನೆಲ್‌ಗೊಂದು ಫೈಲ್ ಇರಲಿ.

ಶಿರಸಿ_ಸ್ವಿಂಗ್:
ಮಧ್ಯಾಹ್ನದ ಉಪಾಯ ಹಿಡಿಸಿತು. ಚಪ್ಪಾಳೆಗೆ ಪ್ರತ್ಯೇಕ ಮೈಕ್ ಬೇಕೇ? ಇದನ್ನೇ ಕಾರವಾರದ ಟಾಗೋರ್ ಕಡಲತೀರದಲ್ಲಿ ಮಾಡಿದರೆ?

ಕಾಳಿತೀರ:
ಚಪ್ಪಾಳೆಗೆ ಎರಡು ಕಂಡೆನ್ಸರ್ (ಸಣ್ಣ ಶಬ್ದವನ್ನೂ ಹಿಡಿಯುವ ಸೂಕ್ಷ್ಮ ಮೈಕ್), ವೇದಿಕೆಯ ಎರಡು ಅಂಚಿನಿಂದ ಜನರ ಕಡೆಗೆ ಮುಖ ಮಾಡಿ. ಹಾಲ್‌ನ ನಡುವೆ ಇಟ್ಟರೆ ಶಬ್ದ ತಡವಾಗಿ ತಲುಪುತ್ತದೆ: ಮೀಟರಿಗೆ ಸುಮಾರು 2.9 ಮಿಲಿಸೆಕೆಂಡ್, 12 ಮೀಟರಿಗೆ 35. ಮಿಕ್ಸ್ ಮಾಡುವಾಗ ಆ ಟ್ರ್ಯಾಕ್ ಅಷ್ಟು ಮುಂಚೆ ಬರುವ ಹಾಗೆ ಸರಿಸದಿದ್ದರೆ ಡ್ರಮ್ಸ್ ಎರಡೆರಡು ಸಲ ಹೊಡೆದ ಹಾಗೆ ಕೇಳುತ್ತದೆ. ಕಡಲತೀರದಲ್ಲಿ ಕಾರ್ಯಕ್ರಮ ಮಾಡಿ, ಆಲ್ಬಂ ಬೇಡ. ಸಂಜೆಯ ಕಡಲಗಾಳಿ ಕಂಡೆನ್ಸರಿಗೆ ಬಡಿದರೆ ಬರೀ ಗುಡುಗುಡು, ಫೋಮ್ ಟೋಪಿ ಅದಕ್ಕೆ ಸಾಲದು.