ಓಲಿಫಿನ್‌ಗೆ ಅಮೀನ್ ಸೇರಿಸುವ ಘನ ಆಮ್ಲ ವೇಗವರ್ಧಕಗಳು: ಸಂದೇಶ ಗುಂಪಿನಲ್ಲಿ ತಜ್ಞೆಯೊಂದಿಗೆ ಪ್ರಶ್ನೋತ್ತರ

ಸಂಶೋಧನಾ ವಿದ್ಯಾರ್ಥಿನಿ: ನಮಸ್ಕಾರ ಮೇಡಂ. ಎಸ್‌ಬಿಎ-15 ಎಂಬ ಸೂಕ್ಷ್ಮ ರಂಧ್ರಗಳ ಸಿಲಿಕಾ ಪುಡಿಯ ಮೇಲೆ ಶೇ. 30ರಷ್ಟು ಫಾಸ್ಫೋಟಂಗ್‌ಸ್ಟಿಕ್ ಆಮ್ಲವನ್ನು ಕೂರಿಸಿ, ಟಾಲುಯೀನ್ ದ್ರಾವಕದಲ್ಲಿ ಸ್ಟೈರೀನ್ ಎಂಬ ಓಲಿಫಿನ್‌ಗೆ (ಇಂಗಾಲದ ಜೋಡಿಬಂಧವಿರುವ ಅಣು) ಅನಿಲೀನ್ ಎಂಬ ಅಮೀನ್ (ಸಾರಜನಕವುಳ್ಳ ಪ್ರತ್ಯಾಮ್ಲ) ಸೇರಿಸುತ್ತಿದ್ದೇನೆ. ಮೊದಲ ಸುತ್ತಿನಲ್ಲಿ ಪರಿವರ್ತನೆ ಶೇ. 80 ಇತ್ತು. ಪ್ರತಿ ಸಲವೂ ಎಥನಾಲ್‌ನಲ್ಲಿ ತೊಳೆದು ಮತ್ತೆ ಬಳಸಿದೆ. ಮೂರನೆಯ ಸುತ್ತಿಗೆ ಶೇ. 20ಕ್ಕೆ ಇಳಿಯಿತು. ಆಮ್ಲದ ಪ್ರಮಾಣವನ್ನು ಹೆಚ್ಚಿಸಲೇ?

ತಜ್ಞೆ: ಬೇಡ. ನನಗೆ ಚಿಂತೆ ಹುಟ್ಟಿಸಿದ್ದು ನಿಮ್ಮ ಎಥನಾಲ್. ಈ ಆಮ್ಲ ನೀರಿನಲ್ಲೂ ಎಥನಾಲ್‌ನಲ್ಲೂ ಸಲೀಸಾಗಿ ಕರಗುತ್ತದೆ, ಸಿಲಿಕಾ ಅದನ್ನು ಬಿಗಿಯಾಗಿ ಹಿಡಿದಿಡುವುದಿಲ್ಲ; ಆದ್ದರಿಂದ ಪುಡಿಯನ್ನು ಶುಚಿಗೊಳಿಸುವ ಹೆಸರಿನಲ್ಲಿ ನೀವು ಆಮ್ಲವನ್ನೇ ತೊಳೆದು ಚೆಲ್ಲುತ್ತಿರುವ ಸಾಧ್ಯತೆ ಹೆಚ್ಚು. ತೊಳೆದ ದ್ರಾವಣದಲ್ಲಿ ಈ ಆಮ್ಲದ ಲೋಹವಾದ ಟಂಗ್‌ಸ್ಟನ್ ಎಷ್ಟಿದೆಯೆಂದು ಐಸಿಪಿಯಲ್ಲಿ (ಲೋಹದ ಪ್ರಮಾಣ ಅಳೆಯುವ ಉಪಕರಣ) ಅಳೆಯಿಸಿ. ಜೊತೆಗೆ, ಪರಿವರ್ತನೆ ಅರ್ಧಕ್ಕೆ ಬಂದಾಗ ಬಿಸಿಯಿರುವಂತೆಯೇ ಪುಡಿಯನ್ನು ಸೋಸಿ ತೆಗೆದು, ಉಳಿದ ದ್ರವವನ್ನು ಅದೇ ತಾಪದಲ್ಲಿ ಕಲಕುತ್ತಿರಿ. ಕ್ರಿಯೆ ಮುಂದುವರಿದರೆ, ಕೆಲಸ ಮಾಡುತ್ತಿರುವುದು ಕರಗಿ ಹೊರಬಂದ ಆಮ್ಲ. ತಣ್ಣಗಾದ ಮೇಲೆ ಸೋಸಿದರೆ ಕರಗಿದ್ದು ಮರಳಿ ಸಿಲಿಕಾಕ್ಕೆ ಅಂಟಿಕೊಂಡು ನಿಮ್ಮನ್ನು ದಾರಿ ತಪ್ಪಿಸಬಹುದು.

ಟಂಗ್‌ಸ್ಟನ್ ಕಾಣದಿದ್ದರೆ ಅನುಮಾನ ಅಮೀನ್ ಮೇಲೆ. ಅದು ಆಮ್ಲದ ಪ್ರೋಟಾನನ್ನು ಹಿಡಿದು ಲವಣವಾಗಿ ಕೂರುತ್ತದೆ. ಅನಿಲೀನ್ ದುರ್ಬಲ ಪ್ರತ್ಯಾಮ್ಲ, ಅದರ ಪ್ರೋಟಾನ್ ಹೊತ್ತ ರೂಪದ ಪಿಕೆಎ (ಹೆಚ್ಚಿದಷ್ಟೂ ಪ್ರೋಟಾನ್ ಬಿಡುವುದು ಕಷ್ಟ) 4.6, ಹಾಗಾಗಿ ಪ್ರೋಟಾನ್ ಓಲಿಫಿನ್‌ಗೆ ದಾಟಲು ಅವಕಾಶವಿದೆ. ಬ್ಯುಟೈಲಮೈನ್ ಎಂಬ ಇನ್ನೊಂದು ಅಮೀನ್‌ನಲ್ಲಿ ಅದು 10.6, ಅಲ್ಲಿ ಬಹಳ ಕಷ್ಟ. ಪರಿವರ್ತನೆಯ ಅಂಕಿಯನ್ನಷ್ಟೇ ನಂಬಬೇಡಿ: ಸ್ಟೈರೀನ್ ಸಾರಜನಕದ ಬದಲು ಅನಿಲೀನ್‌ನ ಉಂಗುರಕ್ಕೂ ಸೇರುತ್ತದೆ, ತನ್ನೊಂದಿಗೆ ತಾನೇ ಜೋಡಿಯೂ ಆಗುತ್ತದೆ.

ಎರಡನೆಯ ಸದಸ್ಯ: ಬ್ಯುಟೈಲಮೈನ್ ಬಳಸಿದರೆ ನನ್ನಲ್ಲಿ ಏನೂ ಆಗುತ್ತಿಲ್ಲ, ಏಕೆ?

ತಜ್ಞೆ: ಮೇಲೆ ಬರೆದಿದ್ದೇನೆ, ಓದಿ.

ಮೂರನೆಯ ಸದಸ್ಯ: ಬೇರೆ ಗುಂಪಿನಿಂದ ಬಂದದ್ದು: ‘ಬಳಸಿದ ಘನ ಆಮ್ಲ ಯಾವುದೇ ಇರಲಿ, ಗಾಳಿಯಲ್ಲಿ 600 ಡಿಗ್ರಿಗೆ ಸುಟ್ಟರೆ ಹೊಸದಾಗುತ್ತದೆ.’

ತಜ್ಞೆ: ಇಂಥದ್ದನ್ನು ಪರೀಕ್ಷಿಸದೆ ಇಲ್ಲಿ ಹಾಕಬೇಡಿ. ಅಷ್ಟು ತಾಪದಲ್ಲಿ ಈ ಆಮ್ಲದ ಕೆಗ್ಗಿನ್ ರಚನೆ (ಅದರ ಪರಮಾಣುಗಳ ಜೋಡಣೆ) ಒಡೆದು ಟಂಗ್‌ಸ್ಟನ್ ಆಕ್ಸೈಡ್ ಉಳಿಯುತ್ತದೆ. ಟಾಲುಯೀನ್ ಹೀರಿಕೊಂಡ ಪುಡಿಯನ್ನು ಕಾದ ಕುಲುಮೆಗೆ ಇಟ್ಟರೆ ಬೆಂಕಿ ಹೊತ್ತಿಕೊಳ್ಳಬಹುದು. ಯಾರೂ ಮಾಡಬೇಡಿ.

ನಾಲ್ಕನೆಯ ಸದಸ್ಯ: ಝಿಯೊಲೈಟ್ (ಪುಟ್ಟ ರಂಧ್ರಗಳ ಖನಿಜದಂಥ ಘನ ಆಮ್ಲ) ಇರುವಾಗ ಈ ಗೋಜೇಕೆ? ಐಸೊಬ್ಯುಟಿಲೀನ್ ಮತ್ತು ಅಮೋನಿಯಾದಿಂದ ಟರ್ಟ್-ಬ್ಯುಟೈಲಮೈನನ್ನು ಬಿಎಎಸ್‌ಎಫ್ ಕಂಪನಿ ಝಿಯೊಲೈಟ್ ಮೇಲೆಯೇ ತಯಾರಿಸುತ್ತದೆ.

ಮೂರನೆಯ ಸದಸ್ಯ: ಅವು ಪುಟ್ಟ ಅಣುಗಳು. ಝಡ್‌ಎಸ್‌ಎಂ-5 ಎಂಬ ಝಿಯೊಲೈಟ್‌ನ ರಂಧ್ರ ಸುಮಾರು 0.55 ನ್ಯಾನೊಮೀಟರ್, ವಿದ್ಯಾರ್ಥಿನಿಯ ಉತ್ಪನ್ನ ಅದರಿಂದ ಹೊರಬರುವುದು ಹೇಗೆ?

ನಾಲ್ಕನೆಯ ಸದಸ್ಯ: ಬೀಟಾ ಝಿಯೊಲೈಟ್‌ನ ರಂಧ್ರ ಅದಕ್ಕಿಂತ ದೊಡ್ಡದು. ಈಗಷ್ಟೇ ಸುಳ್ಳು ಸಂದೇಶ ಹಂಚಿದವರು ರಂಧ್ರದ ಪಾಠ ಹೇಳುವುದು ಬೇಡ.

ಐದನೆಯ ಸದಸ್ಯೆ: ಆಮ್ಲವನ್ನು ಸೀಸಿಯಂ ಲವಣವಾಗಿಸಿದರೆ ಸೋರಿಕೆ ನಿಲ್ಲುವುದೇ ಮೇಡಂ?

ಮೂರನೆಯ ಸದಸ್ಯ: ಹಂಚಿದ್ದು ತಪ್ಪು, ಒಪ್ಪುತ್ತೇನೆ. ಅದರಿಂದ ನಿಮ್ಮ ವಾದ ಸರಿಯಾಗುವುದಿಲ್ಲ.

ಎರಡನೆಯ ಸದಸ್ಯ: ತಾಪ ಹೆಚ್ಚಿಸಿದರೆ ಬ್ಯುಟೈಲಮೈನ್ ಸೇರುವುದೇ?

ತಜ್ಞೆ: ಕ್ರಿಯೆ ಶಾಖ ಹೊರಸೂಸುವಂಥದ್ದು, ಎರಡು ಅಣು ಒಂದಾಗುತ್ತವೆ, ತಾಪ ಏರಿದಷ್ಟೂ ಸಮತೋಲನ ಹಿಂದಕ್ಕೆ ಸರಿಯುತ್ತದೆ. ಕಾರ್ಖಾನೆಯಲ್ಲಿ ನೂರಾರು ಬಾರ್ ಒತ್ತಡ ಹಾಕುವುದು ಅದಕ್ಕೇ. ನಿಮ್ಮ ಗಾಜಿನ ಪಾತ್ರೆಯಲ್ಲಿ ಅದನ್ನು ಪ್ರಯತ್ನಿಸಬೇಡಿ.

ಸಂಶೋಧನಾ ವಿದ್ಯಾರ್ಥಿನಿ: ತೊಳೆದ ಎಥನಾಲ್ ಇನ್ನೂ ಇದೆ ಮೇಡಂ, ನಾಳೆ ಐಸಿಪಿಗೆ ಕೊಡುತ್ತೇನೆ.

ತಜ್ಞೆ: ಟಾಲುಯೀನ್ ಭಾಗವನ್ನೂ ಬೇರೆಯಾಗಿ ಕೊಡಿ.