‘ದೇಹದಾರ್ಢ್ಯತೆ ಪರೀಕ್ಷೆ’: ಅಳತೆಯೋ, ಓಟವೋ?

ಗೆಳೆಯರೆ,

ಸೇನೆ ಮತ್ತು ಪೊಲೀಸ್ ಭರ್ತಿಗೆ ತಯಾರಾಗುತ್ತಿರುವ ದಾವಣಗೆರೆಯ ಹುಡುಗರಿಗಾಗಿ ದೈಹಿಕ ಪರೀಕ್ಷೆಗಳ ಬಗ್ಗೆ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಶೀರ್ಷಿಕೆಯಲ್ಲೇ ತೊಡಕು ಎದ್ದಿದೆ: ಈ ಪರೀಕ್ಷೆಗಳನ್ನು ಏನೆಂದು ಕರೆಯುವುದು?

ನಮ್ಮ ಪೊಲೀಸ್ ನೇಮಕಾತಿ ಪ್ರಕಟಣೆಗಳಲ್ಲಿ ‘ಸಹಿಷ್ಣುತೆ ಪರೀಕ್ಷೆ’, ‘ದೇಹದಾರ್ಢ್ಯತೆ ಪರೀಕ್ಷೆ’ ಎಂಬ ಎರಡು ಹೆಸರುಗಳಿವೆ. ಓಟ, ಜಿಗಿತ, ಗುಂಡು ಎಸೆತ ಮೊದಲನೆಯದರಲ್ಲಿ ಬರುತ್ತವೆ. ಎರಡನೆಯದು ಬರಿಯ ಅಳತೆ. ಕಾನ್‌ಸ್ಟೆಬಲ್ ಹುದ್ದೆಗೆ ಗಂಡಸರ ಎತ್ತರ 168 ಸೆಂ.ಮೀ., ಎದೆ 86 ಸೆಂ.ಮೀ. ಇದೆಯೇ ಎಂದು ನೋಡುತ್ತಾರೆ. ಟೇಪು ಹಿಡಿಯುವುದಕ್ಕೆ ದಾರ್ಢ್ಯವೆಂಬ ಹೆಸರೇಕೆ? ಪತ್ರಿಕೆಗಳಲ್ಲಂತೂ ದೇಹದಾರ್ಢ್ಯವೆಂದರೆ ವೇದಿಕೆಯ ಮೇಲೆ ಸ್ನಾಯು ಉಬ್ಬಿಸುವ ಸ್ಪರ್ಧೆ. ದೃಢದಿಂದ ಬಂದ ದಾರ್ಢ್ಯವೇ ಭಾವನಾಮವಾಗಿರುವಾಗ ಅದರ ಬಾಲಕ್ಕೆ ಇನ್ನೊಂದು ‘ತೆ’ ಬೇರೆ! ಸಹಿಷ್ಣುತೆ ಎಂದೊಡನೆ ನನಗೆ ನೆನಪಾಗುವುದು ಪರಮತ ಸಹಿಷ್ಣುತೆ, 1,600 ಮೀಟರ್ ಓಟವಲ್ಲ.

ಸೇನೆಯ ಮೂರು ಅಂಗಗಳನ್ನು ಒಟ್ಟಿಗೆ ಇಟ್ಟರೆ ಗೋಜಲು ಹೆಚ್ಚುತ್ತದೆ. ಅಗ್ನಿವೀರ ಭರ್ತಿಯಲ್ಲಿ ಎಲ್ಲರಿಗೂ 1.6 ಕಿ.ಮೀ. ಓಟವಿದೆ. ಆದರೆ ಭೂಸೇನೆಯಲ್ಲಿ 5 ನಿಮಿಷ 30 ಸೆಕೆಂಡಿನೊಳಗೆ ಮುಟ್ಟಿದವನಿಗೆ ಪೂರ್ಣ 60 ಅಂಕ, 10 ಬೀಮ್ (ಅಡ್ಡ ಕಂಬಿಗೆ ಜೋತು ಮೈ ಮೇಲೆತ್ತುವ ಪುಲ್‌ಅಪ್) ಎಳೆದರೆ 40. ಒಂಬತ್ತು ಅಡಿ ಹಳ್ಳ ದಾಟುವುದಕ್ಕೆ ಅಂಕವಿಲ್ಲ, ತೇರ್ಗಡೆಯಾದರೆ ಸಾಕು. ನೌಕಾಪಡೆಯಲ್ಲಿ ಗಂಡಸರಿಗೆ ಆರೂವರೆ ನಿಮಿಷ, ವಾಯುಪಡೆಯಲ್ಲಿ ಏಳು. ಈ ಎರಡರಲ್ಲೂ ಓಟಕ್ಕೆ ಅಂಕವಿಲ್ಲ. ಹೀಗೆ ಒಂದೆಡೆ ಪೈಪೋಟಿ, ಇನ್ನೊಂದೆಡೆ ಕನಿಷ್ಠ ಮಟ್ಟ. ಎರಡಕ್ಕೂ ‘ಮಾನದಂಡ’ ಎಂದು ಬರೆಯಲು ಮನಸ್ಸು ಒಪ್ಪುತ್ತಿಲ್ಲ. ಮೊದಲನೆಯದಕ್ಕೆ ‘ಅಂಕದ ಗಡಿ’, ಎರಡನೆಯದಕ್ಕೆ ‘ಕನಿಷ್ಠ ಮಟ್ಟ’ ಎಂದು ಬಳಸಿ ನೋಡುತ್ತಿದ್ದೇನೆ.

ಕಸರತ್ತುಗಳ ಹೆಸರಿಗೆ ಬರವಿಲ್ಲ. ದುಗ್ಗಮ್ಮನ ಜಾತ್ರೆಗೆ ಕುಸ್ತಿ ನೋಡಲು ಹೋಗುವ ಊರಿದು. ಗರಡಿಯ ಬಸ್ಕಿ, ದಂಡ ಎಲ್ಲರಿಗೂ ಗೊತ್ತು. ನೌಕಾಪಡೆ ಕೇಳುವ 20 ಉಠಕ್ ಬೈಠಕ್‌ಗೆ ಬಸ್ಕಿ ಸಲೀಸಾಗಿ ಹೊಂದುತ್ತದೆ, ಶಾಲೆಯ ಶಿಕ್ಷೆ ನೆನಪಾದರೂ ಚಿಂತೆಯಿಲ್ಲ. ಪುಷ್‌ಅಪ್‌ಗೆ ದಂಡ ಎನ್ನಲು ಮಾತ್ರ ಹಿಂಜರಿಯುತ್ತೇನೆ: ಗರಡಿಯ ದಂಡದಲ್ಲಿ ಮೈ ಬಾಗಿ ಮುಂದಕ್ಕೆ ಜಾರುತ್ತದೆ, ಇಲ್ಲಿ ಮೈ ನೆಟ್ಟಗಿರಬೇಕು.

ಒಟ್ಟು ಪರೀಕ್ಷೆಗೆ ‘ಕಸುವಿನ ಪರೀಕ್ಷೆ’, ಎತ್ತರ ಮತ್ತು ಎದೆಗೆ ‘ಮೈಯಳತೆ’ ಎಂದಿಡಲೇ? ಕಸುವು ಎಂದರೆ ನಿಮ್ಮ ಕಡೆ ಬಲವಷ್ಟೆಯೇ, ಓಡುವವನ ದಮ್ಮೂ ಅದರಲ್ಲಿ ಸೇರುತ್ತದೆಯೇ? ಚಿತ್ರದುರ್ಗ, ಚಳ್ಳಕೆರೆ ಕಡೆಯವರು ದಯವಿಟ್ಟು ತಿಳಿಸಿ.