ಹೆಲಿಕಾಪ್ಟರ್ ವಿಂಚ್‌ನ ಕೊಕ್ಕೆಯನ್ನು ತಕ್ಷಣ ಯಾಕೆ ಹಿಡಿಯಬಾರದು?

ಬೆಟ್ಟದಬದಿ:
2022ರ ಫೆಬ್ರವರಿಯಲ್ಲಿ ನಂದಿಬೆಟ್ಟದಲ್ಲಿ ಜಾರಿಬಿದ್ದ ವಿದ್ಯಾರ್ಥಿಯನ್ನು ಯಲಹಂಕದಿಂದ ಬಂದ ವಾಯುಪಡೆಯ ಎಂಐ-17 ಹೆಲಿಕಾಪ್ಟರ್ ಎತ್ತಿಕೊಂಡು ಹೋಯಿತಲ್ಲ, ಅಂಥ ಕೆಲಸದಲ್ಲಿ ಸಿಬ್ಬಂದಿಗೆ ನಿಜವಾದ ಅಪಾಯ ಎಲ್ಲಿ? ವಿಂಚ್, ಅಂದರೆ ಕೇಬಲ್ ಇಳಿಸಿ ಜನರನ್ನು ಮೇಲೆತ್ತುವ ಯಂತ್ರ, ಇಳಿಬಿಟ್ಟ ಕೊಕ್ಕೆ ಕೈಗೆಟುಕಿದರೂ ಮುಟ್ಟಬೇಡಿ ಅನ್ನುವುದೇಕೆ?

ತಿರುಗುರೆಕ್ಕೆ:
ರೆಕ್ಕೆಗಳು ಧೂಳು, ತೇವದ ಗಾಳಿಯನ್ನು ಸೀಳುವಾಗ ಹೆಲಿಕಾಪ್ಟರಿನ ಮೈಯಲ್ಲಿ ವಿದ್ಯುತ್ ಶೇಖರವಾಗುತ್ತದೆ. ಕೊಕ್ಕೆ ಮೊದಲು ನೆಲಕ್ಕೋ ನೀರಿಗೋ ತಾಗಿದರೆ ಅದು ಇಳಿದುಹೋಗುತ್ತದೆ. ಇಲ್ಲದಿದ್ದರೆ ಹಿಡಿದವನಿಗೆ ಜೋರಾಗಿ ಹೊಡೆಯುತ್ತದೆ.

ಕೇಬಲ್ ಸುಮಾರು 5 ಮಿ.ಮೀ. ದಪ್ಪದ ಉಕ್ಕಿನದು. ವಿಂಚ್ ನಡೆಸುವವರು ತೊಗಲಿನ ಕೈಗವಸಿನಲ್ಲಿ ಅದನ್ನು ಸವರುತ್ತಲೇ ಇರುತ್ತಾರೆ. ಒಂದು ಎಳೆ ಕಿತ್ತಿದ್ದರೂ ಬೆರಳಿಗೆ ಚುಚ್ಚುತ್ತದೆ. ಕೆಳಗಿರುವವರು ಕೇಬಲನ್ನು ಮರಕ್ಕೋ ದೋಣಿಗೋ ಕಟ್ಟಿಬಿಟ್ಟರೆ ಕೆಲಸ ಕೆಟ್ಟಿತು, ಗೂಟಕ್ಕೆ ಕಟ್ಟಿದ ದನದಂತೆ ಹೆಲಿಕಾಪ್ಟರ್ ಸಿಕ್ಕಿಕೊಳ್ಳುತ್ತದೆ. ಆಗ ಸಣ್ಣ ಸಿಡಿಮದ್ದಿನಿಂದ ಕೇಬಲ್ ಕತ್ತರಿಸುವ ಗುಂಡಿ ಒತ್ತಬೇಕು. ತುದಿಯಲ್ಲಿ ಸಹೋದ್ಯೋಗಿಯೇ ನೇತಾಡುತ್ತಿರಬಹುದು.

ಸಮಗಾಳಿ:
ನನ್ನ ಪ್ರಕಾರ ಕೇಬಲ್‌ಗಿಂತ ದೊಡ್ಡ ಅಪಾಯ ಒಂದೇ ಕಡೆ ತೂಗಿ ನಿಲ್ಲುವುದು. ಮುಂದೆ ಸಾಗುತ್ತಿದ್ದರೆ ಕಡಿಮೆ ಶಕ್ತಿ ಸಾಕು, ನಿಂತರೆ ಹೆಚ್ಚು ಬೇಕು. ನೆಲದ ಹತ್ತಿರ ಗಾಳಿಯ ಮೆತ್ತೆ ಸಿಗುತ್ತದೆ. ಎಂಐ-17ರ ರೆಕ್ಕೆವೃತ್ತದ ವ್ಯಾಸ ಸುಮಾರು 21 ಮೀಟರ್. ಅದಕ್ಕಿಂತ ಮೇಲೆ ಆ ಮೆತ್ತೆ ಇಲ್ಲವೆನ್ನಿ. ಬೆಟ್ಟದಲ್ಲಿ ಗಾಳಿ ತೆಳು, ಮಿಗುವ ಶಕ್ತಿಯೂ ಅಷ್ಟಕ್ಕಷ್ಟೆ. ಎರಡರಲ್ಲಿ ಒಂದು ಎಂಜಿನ್ ನಿಂತರೆ ಮೂತಿ ತಗ್ಗಿಸಿ ವೇಗ ಪಡೆಯಬೇಕು, ಅದಕ್ಕೆ ಕೆಳಗೆ ಜಾಗ ಬೇಕು. ಸಿಯಾಚಿನ್‌ಗೆ ಹೋಗುವ ಚೀತಾ ಹೆಲಿಕಾಪ್ಟರಿಗಂತೂ ಇರುವುದೇ ಒಂದು ಎಂಜಿನ್.

ಇನ್ನೊಂದು, ಪೈಲಟ್‌ಗೆ ಹೆಲಿಕಾಪ್ಟರಿನ ಹೊಟ್ಟೆಯಡಿ ಏನಿದೆ ಎಂದು ಕಾಣುವುದಿಲ್ಲ. ಬಾಗಿಲಲ್ಲಿ ಮಲಗಿದವರು 'ಮುಂದೆ ಮೂರು, ಎರಡು, ಒಂದು, ನಿಲ್ಲಿ' ಎಂದು ಹೇಳುವ ದನಿಯೇ ಕಣ್ಣು.

ಕಡಲಕೋಡಿ:
ಸಮುದ್ರದ ರಾತ್ರಿಯನ್ನು ಮರೆಯಬೇಡಿ. ದಿಗಂತ ಕಾಣದಿದ್ದರೆ ಯಂತ್ರ ವಾಲಿದ್ದೂ ಮೈಗೆ ತಿಳಿಯುವುದಿಲ್ಲ. 2024ರ ಸೆಪ್ಟೆಂಬರ್ 2ರ ರಾತ್ರಿ ಪೋರಬಂದರ್ ಬಳಿ ಟ್ಯಾಂಕರ್ ಹಡಗಿನ ಗಾಯಾಳುವನ್ನು ಕರೆತರಲು ಹೋದ ಕರಾವಳಿ ಕಾವಲು ಪಡೆಯ ಧ್ರುವ್ ಹೆಲಿಕಾಪ್ಟರ್ ಸಮುದ್ರಕ್ಕೆ ಬಿತ್ತು; ನಾಲ್ವರಲ್ಲಿ ಬದುಕಿದ್ದು ಒಬ್ಬರೇ. ಬೆಟ್ಟವೂ ಕಡಿಮೆಯಲ್ಲ: 2013ರ ಜೂನ್ 25ರಂದು ಕೇದಾರನಾಥ ಪ್ರವಾಹದ ಪರಿಹಾರ ಕಾರ್ಯದಲ್ಲಿದ್ದ ಎಂಐ-17 ಗೌರಿಕುಂಡದ ಬಳಿ ಬಿದ್ದಾಗ ಸತ್ತವರು 20 ಮಂದಿ.

ಬೆಟ್ಟದಬದಿ:
ಧನ್ಯವಾದ. ಕೆಳಗಿರುವವರು ಏನು ಮಾಡಬೇಕು?

ತಿರುಗುರೆಕ್ಕೆ:
ತಗಡು, ಟಾರ್ಪಾಲು, ಕೊಡೆ ಏನೂ ಬಯಲಲ್ಲಿ ಇರಬಾರದು, ಹಾರಿ ರೆಕ್ಕೆಗೆ ಬಡಿಯುತ್ತವೆ. ನಿಮ್ಮನ್ನು ಎತ್ತಲು ಕೊಕ್ಕೆಗೆ ಸಿಕ್ಕಿಸಿದ ಪಟ್ಟಿ ಕಂಕುಳ ಕೆಳಗೆ ಬಂದಮೇಲೆ ಕೈ ಇಳಿಸಿಯೇ ಇರಿ. ಬಾಗಿಲು ಹಿಡಿಯಲು ಮೇಲೆತ್ತಿದಿರೋ, ಜಾರಿಬಿಡುತ್ತೀರಿ.